ಆರು ಥರ್ಮಾಕೋಲ್ ಗೋರಿಗಳು

ಅಲ್ಲ, ಮಳೆ ಮೊದಲು ಬಂತೋ ದೆವ್ವಗಳು ಮೊದಲು ಬಂದವೋ ಎನ್ನುವುದರಲ್ಲೇ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ನನ್ನ ನೆನಪಿನ ಪ್ರಕಾರ ನಾನು ಎರಡೂ ದೆವ್ವಗಳನ್ನು ಹಗ್ಗಕ್ಕೆ ಕಟ್ಟಿ, ಸ್ಟೂಲಿನಿಂದ ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಆಕಾಶ ತಿಳಿಯಾಗಿತ್ತು. ಮೊದಲ ಹನಿ ಬಿದ್ದದ್ದು ಆಮೇಲೆ, ನನ್ನ ಬಲಗಿವಿಯ ಮೇಲೆ. ಹೆಂಡತಿ ಗಿರಿಜಾಳ ಪ್ರಕಾರ ಅವತ್ತು ಬೆಳಗಿನಿಂದಲೇ ಮಳೆ ಸುರಿಯುತ್ತಿತ್ತು, ನಾನು ದೆವ್ವ ಕಟ್ಟುವಷ್ಟು ಹೊತ್ತೂ ಅವಳು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು, ಹಾಗಾಗಿ ಕಿವಿಯ ಮೇಲೆ ಹನಿ ಬೀಳುವ ಪ್ರಶ್ನೆಯೇ ಇಲ್ಲ. ಹನ್ನೆರಡು ವರ್ಷದ ಮಗಳು ಅನಘಾ ನಮ್ಮಿಬ್ಬರನ್ನೂ ಒಪ್ಪುವುದಿಲ್ಲ. ಅವಳ ಪ್ರಕಾರ ಮಳೆ ಬಂದದ್ದು ಮರುದಿನ, ಕೊಡೆ ಹಿಡಿದು ನಿಂತವಳು ಅವಳು, ಅದೂ ದೆವ್ವ ಒದ್ದೆಯಾಗಬಾರದೆಂದು, ನಾನಲ್ಲ.

ಇಂಥದ್ದು ನನಗೆ ಹೊಸದಲ್ಲ. ನಾನು ವಾಹನ ವಿಮೆಯ ಕಂಪನಿಯೊಂದರಲ್ಲಿ ಕ್ಲೇಮುಗಳ ತನಿಖೆ ಮಾಡುವವನು. ಬಾಂದ್ರಾದ ಕಚೇರಿಯಲ್ಲಿ ಕುಳಿತು, ಜಜ್ಜಿದ ಬಂಪರುಗಳ ಫೋಟೋ ನೋಡುತ್ತ, ಇದು ಹೇಳಿದ ಹಾಗೆಯೇ ಆಗಿದ್ದೀತೇ ಎಂದು ಅನುಮಾನಿಸುವುದೇ ನನ್ನ ಉದ್ಯೋಗ. ನಿಂತ ಕಾರಿಗೆ ಗೋಡೆ ಬಂದು ಗುದ್ದಿತು ಎಂದು ಪ್ರಾಮಾಣಿಕವಾಗಿ ನಂಬಿರುವವರನ್ನು ನಾನು ಕಂಡಿದ್ದೇನೆ. ಅವರು ಸುಳ್ಳುಗಾರರಲ್ಲ, ಅವರಿಗೆ ಹಾಗೇ ನೆನಪಿರುತ್ತದೆ. ನಿಜವಾಗಿ ಭಯಪಡಬೇಕಾದದ್ದು ಎಲ್ಲವನ್ನೂ ಓರಣವಾಗಿ ನೆನಪಿಟ್ಟವರಿಗೆ. ಗಂಟೆ, ನಿಮಿಷ, ಎದುರು ಬಂದ ಟೆಂಪೋದ ಬಣ್ಣ, ಅದರ ಚಾಲಕನ ಮೀಸೆ ಎಲ್ಲ ಸರಿಯಾಗಿ ಹೇಳಿದರೋ, ನಾನು ಆ ಫೈಲನ್ನು ಪಕ್ಕಕ್ಕಿಡುತ್ತೇನೆ. ಆದ್ದರಿಂದ ಮುಂದೆ ಎಲ್ಲಾದರೂ ನನ್ನ ಮಾತು ತೀರಾ ಓರಣವಾಗಿ ಕಂಡರೆ, ಅಲ್ಲಿ ನಾನು ಏನೋ ಸೇರಿಸಿದ್ದೇನೆ ಎಂದು ನೀವು ಅನುಮಾನಪಡಬೇಕು.

ಈ ದೆವ್ವದ ವ್ಯವಹಾರ ಶುರುವಾದದ್ದು ಒಂದು ಪೇಂಟಿಂಗಿನಿಂದ. ನಾವಿರುವುದು ದಹಿಸರಿನಲ್ಲಿ, ಪ್ರಭಾಕುಂಜ ಎಂಬ ನಾಲ್ಕು ಮಹಡಿಯ ಹಳೆಯ ಬಿಲ್ಡಿಂಗಿನಲ್ಲಿ. ಲಿಫ್ಟಿಲ್ಲ. ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಛಾವಣಿಗೆ ಆಸರೆಯಾಗಿ ಕಬ್ಬಿಣದ ಎರಡು ಕಂಬ ನಿಲ್ಲಿಸಿದ್ದಾರೆ. ತರಕಾರಿ ಚೀಲ ಹಿಡಿದು ಹತ್ತುವವರು ಅವುಗಳ ನಡುವೆ ಅಡ್ಡಡ್ಡ ತೂರಬೇಕು. ಜೂನಿನಲ್ಲಿ ಅನಘಾಳ ಶಾಲೆ ಬದಲಾಯಿತು. ಹೊಸ ಗೆಳತಿಯರು ಐವರು, ಐವರೂ ರಸ್ತೆಯಾಚೆಯ ಟವರಿನವರು. ಅವರ ಹುಟ್ಟುಹಬ್ಬಗಳಿಗೆ ಇವಳು ಹೋಗಿಬಂದಳು, ಈಜುಕೊಳದ ಬಳಿ ಕುಳಿತು ಕೇಕು ತಿಂದು ಬಂದಳು. ಅವರಲ್ಲಿ ಒಬ್ಬಳೂ ನಮ್ಮ ಮನೆಗೆ ಬರಲಿಲ್ಲ. ಒಂದು ದಿನ ಅವಳು ಫೋನಿನಲ್ಲಿ, "ಅಭೀ ಮತ್ ಆನಾ ಯಾರ್, ಹಮಾರೇ ಯಹಾಂ ಪೇಂಟಿಂಗ್ ಚಲ್ ರಹಾ ಹೈ" ಎಂದು ಗೆಳತಿಯನ್ನು ಬರಬೇಡವೆನ್ನುವುದು ನನ್ನ ಕಿವಿಗೆ ಬಿತ್ತು. ನಾನು ಗೋಡೆ ನೋಡಿದೆ. ಆ ಗೋಡೆ ಬಣ್ಣ ಕಂಡದ್ದು ಅನಘಾ ಹುಟ್ಟುವ ಮೊದಲು. ಜುಲೈನಲ್ಲೂ ಪೇಂಟಿಂಗ್ ನಡೆಯಿತು, ಸೆಪ್ಟೆಂಬರಿನಲ್ಲೂ ನಡೆಯಿತು. ಇಷ್ಟು ದೀರ್ಘ ಪೇಂಟಿಂಗಿನ ಕ್ಲೇಮು ನನ್ನ ಮೇಜಿಗೆ ಬಂದಿದ್ದರೆ ನಾನು ಒಂದೇ ನಿಮಿಷದಲ್ಲಿ ತಿರಸ್ಕರಿಸುತ್ತಿದ್ದೆ. ಮಗಳದ್ದಾದ್ದರಿಂದ ಕೇಳಿಸದವನಂತೆ ಪೇಪರು ತಿರುವಿದೆ.

ಅಕ್ಟೋಬರ್ ಕೊನೆಗೆ, ದೀಪಾವಳಿ ಮುಗಿದ ಮೇಲೆ, ಅವಳೇ ಬಂದು ನನ್ನ ಮುಂದೆ ನಿಂತಳು. ಟವರಿನ ಹುಡುಗಿಯರು ಹ್ಯಾಲೊವೀನ್ ಮಾಡಬೇಕೆಂದಿದ್ದಾರಂತೆ. ಆದರೆ ಅದಕ್ಕೆ ಅಂಗಳ ಬೇಕಂತೆ. ಟವರಿನಲ್ಲಿ ಎಲ್ಲಿ ಅಗೆದರೂ ಕೆಳಗೆ ಕಾರು ಪಾರ್ಕಿಂಗ್. "ಪಪ್ಪಾ, ನಾನು ಹೇಳಿದೆ ಹಮಾರೇ ಪಾಸ್ ಯಾರ್ಡ್ ಹೈ. ರಿಯಲ್ ಮಣ್ಣು. ಶುಕ್ರವಾರ ಸಿಕ್ಸ್ ಓ ಕ್ಲಾಕ್ ಬರ್ತಾರ" ಎಂದಳು. ಅವಳ ಮುಖದಲ್ಲಿ ನಾನು ಜೂನಿನಿಂದ ಕಾಣದಿದ್ದ ಒಂದು ಗತ್ತು ಇತ್ತು. ಪ್ರಭಾಕುಂಜದಲ್ಲಿ ಇರುವ, ಟವರಿನಲ್ಲಿ ಇಲ್ಲದ ಒಂದೇ ಒಂದು ವಸ್ತುವನ್ನು ಅವಳು ಪತ್ತೆ ಮಾಡಿದ್ದಳು. ನಾಲ್ಕು ದಿನ ಉಳಿದಿತ್ತು. ಮುಗಿದೆನೆಂದು ಹೋಗಿದ್ದ ಮಳೆ ಛತ್ರಿ ಮರೆತವರ ಹಾಗೆ ವಾಪಸು ಬರುತ್ತಿತ್ತು.

ಯಾರ್ಡ್ ಎಂದರೆ ಪಂಪಿನ ಮನೆಯ ಪಕ್ಕದ ಹನ್ನೆರಡು ಅಡಿ ನೆಲ. ಒಂದು ಪಾರಿಜಾತದ ಗಿಡ, ನೆಲಮಹಡಿಯ ಶಿಂದೆ ಕಾಕುವಿನ ತುಳಸಿ, ಮತ್ತು ಬಿಲ್ಡಿಂಗಿನ ಮಕ್ಕಳು ದೀಪಾವಳಿಗೆಂದು ಮಣ್ಣಿನಲ್ಲಿ ಕಟ್ಟಿದ ಕಿಲ್ಲಾದ ಅವಶೇಷ. ಪ್ರತಿವರ್ಷ ಇಲ್ಲಿ ಮಕ್ಕಳು ಕೋಟೆ ಕಟ್ಟಿ, ಬುರುಜಿಗೆ ಸಾಸಿವೆ ಬಿತ್ತಿ, ಪ್ಲಾಸ್ಟಿಕ್ ಸೈನಿಕರನ್ನು ಕಾವಲಿಗಿಡುತ್ತಾರೆ. ಮಳೆಗೆ ಕೋಟೆ ಕುಸಿದು ಗುಡ್ಡೆಯಾಗಿತ್ತು. ಸೈನಿಕರು ಸೊಂಟದವರೆಗೆ ಹೂತಿದ್ದರು. ಸ್ಮಶಾನಕ್ಕೆ ಹೇಳಿ ಮಾಡಿಸಿದ ಜಾಗ ಎಂದು ಅನಘಾ ಅಂದಳು. ಹ್ಯಾಲೊವೀನ್ ಎಂದರೇನೆಂದು ನನಗೆ ಖಚಿತವಾಗಿ ಗೊತ್ತಿರಲಿಲ್ಲ, ಈಗಲೂ ಇಲ್ಲ. ವಿಜಯಪುರದ ಕಡೆ ನಾವು ದೆವ್ವ ಒಳಗೆ ಬಾರದಿರಲೆಂದು ಹೊಸ ಮನೆಗೆ ಕರಿಗೊಂಬೆ ಕಟ್ಟುತ್ತಿದ್ದೆವು. ಇಲ್ಲಿ ದೆವ್ವಕ್ಕೆ ದಾರಿ ತೋರಿಸಲು ದೀಪ ಬೇರೆ ಹಚ್ಚಬೇಕಂತೆ.

ಆ ದೀಪವನ್ನು ತಿರುಳು ತೋಡಿ ಮುಖ ಕೊರೆದ ಕುಂಬಳಕಾಯಿಯೊಳಗೇ ಇಡಬೇಕಂತೆ, ಅದಕ್ಕೆ ಇಡೀ ಕಾಯಿ ಬೇಕು. ದಹಿಸರ್ ಸ್ಟೇಷನ್ನಿನ ಹೊರಗೆ ಕುಂಬಳಕಾಯಿಯನ್ನು ಹೋಳು ಹೋಳಾಗಿಯೇ ಮಾರುತ್ತಾರೆ. ಇಡೀ ಕಾಯಿ ಕೇಳಿದಾಗ ತರಕಾರಿಯವಳು ಚೂರಿಯನ್ನು ಗಾಳಿಯಲ್ಲೇ ನಿಲ್ಲಿಸಿ, "ಪೂರಾ? ಘರ್ ಮೇ ಶಾದೀ ಹೈ ಕ್ಯಾ?" ಎಂದಳು. ದೆವ್ವಕ್ಕೆ ಎನ್ನಲು ಧೈರ್ಯ ಬರಲಿಲ್ಲ. ಹೌದು, ಶಾದಿ ಎಂದೆ. ಆಮೇಲೆ ಅವಳು ಹುಡುಗ ಏನು ಮಾಡುತ್ತಾನೆ ಎಂದಳು. ರೇಲ್ವೆಯಲ್ಲಿದ್ದಾನೆ ಎಂದೆ. ಸುಳ್ಳು ಎಷ್ಟು ಬೇಗ ಸಂಸಾರ ಹೂಡುತ್ತದೆ ನೋಡಿ. ಈಗಲೂ ನಾನು ಆ ಕಡೆಯಿಂದ ಹಾದರೆ ಅವಳು ಅಳಿಯನ ಕ್ಷೇಮ ವಿಚಾರಿಸುತ್ತಾಳೆ.

ಮನೆಗೆ ತಂದ ಮೇಲೆ ಗಿರಿಜಾ ಕಾಯಿಯನ್ನು ಮುಟ್ಟಲಿಲ್ಲ. "ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಚೂರಿ ಹಾಕಂಗಿಲ್ಲ. ನೀವ ಹಾಕ್ರಿ" ಎಂದಳು. ಅನಘಾಳಿಗೆ ಸಿಟ್ಟು ಬಂತು. "ಮಮ್ಮಿ, ಇದು ಏನು ರೂಲ್? ಡಿಸೈನ್ ನಂದು, ಕಟ್ ಪಪ್ಪಾ ಕರೇಂಗೇ?" ಗಿರಿಜಾ ಜಗ್ಗಲಿಲ್ಲ. "ದೆವ್ವಾ ಕರಿಯೂದ ಕರಿತೀರಿ, ಶಾಸ್ತ್ರಾ ಬಿಟ್ಟ ಕರಿಬ್ಯಾಡ್ರಿ." ಮನೆಗೆ ಒಬ್ಬನೇ ಗಂಡಸಾದ ನಾನು ಅರಿಸಿನ ಕುಂಕುಮ ಹಚ್ಚಿದ ಕಾಯಿಗೆ ಚೂರಿ ಹಾಕಿದೆ. ಚೂರಿ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಮೊದಲ ಗಾಯ ಗಂಡಸಿನದಾದರೆ ಸಾಕು, ಉಳಿದದ್ದನ್ನು ಯಾರೂ ಮಾಡಬಹುದು ಎಂದು ಗಿರಿಜಾ ಚೂರಿಯನ್ನು ಒಂದೇ ಎಳೆತಕ್ಕೆ ಕಿತ್ತು, ತಾಯಿ ಮಗಳು ಇಬ್ಬರೂ ಕುಳಿತು ಕಣ್ಣು, ಮೂಗು, ಹಲ್ಲು ಕೊರೆದರು. ತಿರುಳಿನಲ್ಲಿ ಎರಡು ದಿನ ಗಾರಿಗೆ ಆಯಿತು.

ದೆವ್ವಗಳು ನನ್ನ ಜವಾಬ್ದಾರಿ. ನನ್ನ ಎರಡು ಹಳೆಯ ಪಂಚೆ, ಒಳಗೆ ತಲೆಗೆಂದು ಪೇಪರಿನ ಉಂಡೆ, ಮಾರ್ಕರಿನಲ್ಲಿ ಬರೆದ ಕಣ್ಣುಗಳು. ಮಂಗಳವಾರ ಪಾರಿಜಾತದಿಂದ ಪಂಪಿನ ಮನೆಯ ಪೈಪಿಗೆ ಹಗ್ಗ ಕಟ್ಟಿ ತೂಗುಹಾಕಿದೆ. ಅನಘಾ ನೋಡಿ, "ಪಪ್ಪಾ, ಇದು ಸ್ಕೇರಿ ಇಲ್ಲ. ಇದು ಸ್ಯಾಡ್ ಅದ" ಎಂದಳು. ಮಳೆ ಬಂದ ಮೇಲೆ, ಅಥವಾ ಮೊದಲೇ ಬಂದಿದ್ದರೆ ಅದು ಜೋರಾದ ಮೇಲೆ, ಅವು ಇನ್ನಷ್ಟು ದುಃಖಿಗಳಾದವು. ಬುಧವಾರ ಸಂಜೆ ನಾನು ಕಚೇರಿಯಿಂದ ಬಂದಾಗ ಹಗ್ಗವಿತ್ತು, ದೆವ್ವಗಳಿರಲಿಲ್ಲ. ನನ್ನೊಳಗಿನ ತನಿಖಾಧಿಕಾರಿ ಎಚ್ಚರಗೊಂಡ. ಗಾಳಿಗೆ ಹಾರಿದ್ದರೆ ಗಂಟು ಹರಿದಿರಬೇಕಿತ್ತು. ಗಂಟನ್ನು ಯಾರೋ ಸಾವಧಾನವಾಗಿ ಬಿಚ್ಚಿದ್ದರು. ಮೂರನೆಯ ಮಹಡಿಯವರ ಬಾಲ್ಕನಿ ನೋಡಿದೆ. ನಾಲ್ಕನೆಯ ಮಹಡಿಯವರ ಚಪ್ಪಲಿಗಳಲ್ಲಿ ಮಣ್ಣಿದೆಯೇ ನೋಡಿದೆ. ಇತ್ತು; ಆ ಮಳೆಯಲ್ಲಿ ಎಲ್ಲರ ಚಪ್ಪಲಿಯಲ್ಲೂ ಇತ್ತು. ಇಡೀ ಬಿಲ್ಡಿಂಗಿನ ಮೇಲೆ ಅನುಮಾನ ಪೂರ್ತಿಯಾಗಿ ಹರಡಿಕೊಂಡು ನಾನು ಮನೆಯಲ್ಲಿ ಕುಳಿತಿದ್ದಾಗ ಶಿಂದೆ ಕಾಕು ಬಾಗಿಲು ತಟ್ಟಿದರು.

ಶಿಂದೆ ಕಾಕು ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು, ಅಕ್ಕಲಕೋಟದ ಕಡೆಯವರು. ಮನೆಮಾತು ಮರಾಠಿಯಾದರೂ ಕನ್ನಡ ನಮಗಿಂತ ಜೋರು. ಅವರ ಕೈಯಲ್ಲಿ ನೀಟಾಗಿ ಮಡಚಿದ ಎರಡು ಪಂಚೆಗಳಿದ್ದವು.

"ಏನೋ ತಮ್ಮಾ, ಮಳ್ಯಾಗ ಅರಬಿ ಹಂಗ ಬಿಟ್ಟ ಹೋಗ್ತಾರೇನೋ? ನಾ ನೋಡಿ ಒಳಗ ತಗೊಂಡೆ. ಹಿಂಡಿ, ಫ್ಯಾನಿನ ಕೆಳಗ ಒಣಗಸೀನಿ. ಒಳಗ ರದ್ದಿ ಪೇಪರ್ ಇತ್ತು, ಬ್ಯಾರೆ ಇಟ್ಟೀನಿ."

"ಕಾಕು, ಅವು ಅರಬಿ ಅಲ್ಲ, ದೆವ್ವಾ."

ಕಾಕು ಪಂಚೆಯನ್ನು ಬಿಡಿಸಿ ನೋಡಿದರು. "ಹಂಗಂತೀ? ಅದಕ್ಕ ಆ ಎರಡ ಕರೀ ಕಲೆ. ನಿಂಬಿಹಣ್ಣ ಹಚ್ಚಿ ತಿಕ್ಕಿದೆ ನೋಡು, ಪೂರ್ತಿ ಹೋಗಲಿಲ್ಲ." ದೆವ್ವದ ಕಣ್ಣುಗಳು ನಿಜಕ್ಕೂ ಮಸುಕಾಗಿದ್ದವು, ಮೋತಿಬಿಂದುವಿನ ಪೊರೆ ಬಂದವರ ಹಾಗೆ. ಗಿರಿಜಾ ಅಡಿಗೆಮನೆಗೆ ಓಡಿಹೋಗಿ ನಕ್ಕಳು. ಅನಘಾ ನಗಲಿಲ್ಲ. ಅವಳು ಬೆರಳಿನಲ್ಲಿ ಎರಡು ದಿನ ಎಣಿಸುತ್ತಿದ್ದಳು.

ಅದೇ ಸಂಜೆ ದೆವ್ವಗಳನ್ನು ಮತ್ತೆ ಹಗ್ಗಕ್ಕೇರಿಸಿ, ಗೋರಿಗಳನ್ನು ಮಾಡಿದೆವು. ಫ್ರಿಜ್ ಬಂದಾಗ ಅದರ ಸುತ್ತ ಇದ್ದ ದಪ್ಪ ಥರ್ಮಾಕೋಲನ್ನು ನಾನು ಮಂಚದ ಕೆಳಗೆ ಕಾಪಾಡಿಕೊಂಡು ಬಂದಿದ್ದೆ, ಏನಕ್ಕೋ ಬೇಕಾದೀತೆಂದು. ಅದರಲ್ಲಿ ಆರು ಗೋರಿಗಳಾದವು. ಆರೇ ಯಾಕೆಂದರೆ ಥರ್ಮಾಕೋಲ್ ಅಷ್ಟೇ ಇತ್ತು. ಬೂದುಬಣ್ಣ ಬಳಿದು, ಕುಸಿದ ಕೋಟೆಯ ಮೇಲೆ ಸಾಲಾಗಿ ನೆಟ್ಟೆವು. ಈ ಆರು ಎಂಬ ಸಂಖ್ಯೆಯನ್ನು ದಯವಿಟ್ಟು ಗಮನಿಸಬೇಡಿ ಎಂದು ನಾನು ಕೇಳಿಕೊಳ್ಳುವಂತಿಲ್ಲ, ಯಾಕೆಂದರೆ ಗುರುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಸೆಕ್ರೆಟರಿ ಸಾಲ್ಯಾನರು ಗಮನಿಸಿದರು.

ಸಾಲ್ಯಾನರು ಉಡುಪಿಯ ಕಡೆಯವರು, ನಿವೃತ್ತರು. ಪಂಪಿನ ಮೋಟರು, ನೀರಿನ ಟ್ಯಾಂಕು, ನೋಟೀಸು ಬೋರ್ಡು ಇವೇ ಅವರ ಮೂರು ಮಕ್ಕಳು. ನಾನು ಕಚೇರಿಗೆ ಹೊರಟಾಗ ಅವರು ಕೊಡೆ ಹಿಡಿದು ಸ್ಮಶಾನದ ಮುಂದೆ ನಿಂತಿದ್ದರು. ಮೂರು ದಿನದ ತೇವಕ್ಕೆ ಕುಂಬಳಕಾಯಿಯ ಕೆನ್ನೆ ಜೋತುಬಿದ್ದು, ಕೆಳತುಟಿ ಮುಂದೆ ಬಂದು, ಅದು ಯಾರನ್ನೋ ಹೋಲತೊಡಗಿತ್ತು. ಯಾರನ್ನು ಎಂದು ಅವರ ಪಕ್ಕದಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಅವರಿಗೂ ಹೊಳೆದಿರಬಹುದೇ ಎಂದು ಕಳ್ಳಗಣ್ಣಿನಿಂದ ನೋಡಿದೆ. ಆದರೆ ಅವರು ನೋಡುತ್ತಿದ್ದದ್ದು ಗೋರಿಗಳನ್ನು.

"ಪಾಟೀಲ್ರೆ, ಇದು ಎಂಥದು ಮಾರಾಯ್ರೆ? ಆರು ಇಟ್ಟದ್ದು ಯಾಕೆ?"

"ಮಗಳ ಹಬ್ಬಾ ಸರ್. ಥರ್ಮಾಕೋಲ್ ಅಷ್ಟ ಇತ್ತು."

"ಅದು ಸರಿ. ಸಹಿ ಹಾಕದವರೂ ಆರೇ ಮಂದಿ ಅಲ್ವಾ? ಈಗ ಬೆಳಿಗ್ಗೆಯಿಂದ ನನಗೆ ನಾಲ್ಕು ಫೋನು ಬಂತು. ಇದು ಬಿಲ್ಡರನ ಕೆಲಸವಾ, ಬೆದರಿಕೆಯಾ ಅಂತ ಕೇಳ್ತಾರೆ."

ಇಲ್ಲಿ ಒಂದು ಮಾತು ಹೇಳಬೇಕು. ಪ್ರಭಾಕುಂಜ ರೀಡೆವಲಪ್‌ಮೆಂಟಿಗೆ ಹೊರಟಿದೆ. ಹಳೆಯದನ್ನು ಕೆಡವಿ, ಅದೇ ಜಾಗದಲ್ಲಿ ಟವರು ಕಟ್ಟಿ, ನಮಗೆಲ್ಲ ಅದರಲ್ಲಿ ಮನೆ ಕೊಡುತ್ತಾರಂತೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕದವರು ಆರು ಮನೆಯವರು ಎಂದು ಸಾಲ್ಯಾನರು ಸಭೆಯಲ್ಲಿ ಹೇಳಿದ್ದರು, ಹೆಸರು ಹೇಳಿರಲಿಲ್ಲ. ಅಂದಿನಿಂದ ನಮ್ಮ ಮೆಟ್ಟಿಲುಗಳಲ್ಲಿ ಯಾರೂ ಯಾರಿಗೂ ಸುಮ್ಮನೆ ನಮಸ್ಕಾರ ಹೇಳುವುದಿಲ್ಲ. ಹಬ್ಬದ ಫರಾಳದ ತಟ್ಟೆ ಕೊಟ್ಟರೆ, ಚಕ್ಕುಲಿ ಮುರಿಯುವ ಮೊದಲು ಇವರು ಆ ಕಡೆಯವರೋ ಈ ಕಡೆಯವರೋ ಎಂದು ಯೋಚಿಸುತ್ತೇವೆ. ನಾನಂತೂ ಮಹಡಿ ಮಹಡಿಗೆ ಮನಸ್ಸಿನಲ್ಲೇ ಪಟ್ಟಿ ಮಾಡಿ ಐವರನ್ನು ಖಚಿತಪಡಿಸಿಕೊಂಡಿದ್ದೆ.

"ಆರನೆಯವರು ಯಾರು ಅಂತ ಜನಾ ಕೇಳಾಕತ್ತಾರೇನ್ರಿ?" ಎಂದು ನಾನು ಮುಗ್ಧನಂತೆ ಕೇಳಿದೆ.

ಸಾಲ್ಯಾನರು ಕೊಡೆಯನ್ನು ನನ್ನ ಕಡೆ ವಾಲಿಸಿ, ದನಿ ತಗ್ಗಿಸಿದರು. "ನೀವೇ ಅಲ್ವಾ ಮಾರಾಯ್ರೆ? ನಿಮ್ಮ ಗೋರಿಯನ್ನು ನೀವೇ ಇಟ್ಟುಕೊಂಡದ್ದಾ?"

ನಿಜ. ಆರನೆಯವನು ನಾನು. ಸಹಿ ಹಾಕಿದವರ ಎದುರು ಹಾಕಿದವನಂತೆ ತಲೆಯಾಡಿಸಿ, ಹಾಕದವರ ಎದುರು ಹಾಕದವನಂತೆ ನಿಟ್ಟುಸಿರು ಬಿಟ್ಟು ಎರಡು ತಿಂಗಳು ಕಳೆದಿದ್ದೆ. ಯಾಕೆ ಹಾಕಿಲ್ಲವೆಂದು ಕೇಳಿದರೆ ಒಳ್ಳೆಯ ಕಾರಣವಿಲ್ಲ. ಪತ್ರವನ್ನು ಮೂರು ಸಲ ಓದಿದ್ದೆ, ಮೂರೂ ಸಲ ಬೇರೆ ಬೇರೆ ಅರ್ಥವಾಗಿತ್ತು. ಮಗಳಿಗೆ ಹೇಳಿರಲಿಲ್ಲ, ಟವರಿನಲ್ಲಿರುವ ಆಸೆಯುಳ್ಳ ಹುಡುಗಿಗೆ ಅವಳ ಅಪ್ಪನೇ ಅಡ್ಡಗಾಲು ಎಂದು ಹೇಗೆ ಹೇಳುವುದು?

"ಒಂದೋ ಅದಕ್ಕೆ ಹೆಸರು ಬರೆಯಿರಿ, ಇಲ್ಲವೋ ತೆಗೆಯಿರಿ. ಹೆಸರಿಲ್ಲದ ಗೋರಿ ಭಾರಿ ಡೇಂಜರ್. ಪ್ರತಿಯೊಬ್ಬನಿಗೂ ಅದು ತಂದೇ ಅಂತ ಕಾಣ್ತದೆ" ಎಂದು ಹೇಳಿ ಅವರು ಪಂಪು ಹಾಕಲು ಹೋದರು. ಇಷ್ಟು ಜಾಣತನದ ಮಾತು ಸೊಸೈಟಿಯ ಸಭೆಯಲ್ಲಿ ಅವರ ಬಾಯಿಂದ ಎಂದೂ ಬಂದದ್ದಿಲ್ಲ. ಹೀಗಾಗಿ ಅವರು ಅದನ್ನು ಅಂದರೋ, ನಾನು ಆಮೇಲೆ ಲೋಕಲ್ ರೈಲಿನಲ್ಲಿ ನೇತಾಡುತ್ತ ಅವರ ಪರವಾಗಿ ಅಂದುಕೊಂಡೆನೋ ಎಂಬ ಅನುಮಾನ ನನಗಿದೆ.

ಸಂಜೆ ಬಂದಾಗ ಶಿಂದೆ ಕಾಕು ಸೆರಗನ್ನು ತಲೆಗೆ ಹೊದ್ದು, ಜಿನುಗುವ ಮಳೆಯಲ್ಲಿ ಗೋರಿಗಳ ನಡುವೆ ಮನೆ ನೋಡಲು ಬಂದವರಂತೆ ಓಡಾಡುತ್ತಿದ್ದರು.

"ಇದರಾಗ ನಂದು ಯಾವದೋ ತಮ್ಮಾ?"

ನನ್ನ ಪಟ್ಟಿಯ ಐವರಲ್ಲಿ ಕಾಕುವೂ ಒಬ್ಬರು. "ಕಾಕು, ಹಂಗೇನಿಲ್ಲ. ಹುಡುಗೂರ ಆಟಾ ಇದು."

"ನಾ ಸಿಟ್ಟಾಗಿಲ್ಲೋ. ಆದ್ರ ಆ ಮೂಲ್ಯಾಗಿಂದು ನನಗ ಬ್ಯಾಡ. ಅಲ್ಲಿ ಪಂಪಿನ ನೀರ ನಿಂದರ್ತದ. ಈ ಪಾರಿಜಾತದ ಬುಡಕ್ಕಿಂದು ಛೊಲೊ ಅದ, ಇದ ಇರಲಿ." ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು, ಅದು ಅಲುಗಾಡಿತು. "ಎಷ್ಟ ಹಗೂರ ಅದನೋ! ಹಿಂದ ಒಂದ ಇಟ್ಟಿಗಿ ಇಡು. ಗಾಳಿಗೆ ಹಾರಿ ಆ ಟವರಿಗೆ ಹೋಗಿ ಬಿದ್ರ, ಸತ್ತ ಮ್ಯಾಲೂ ನನ್ನ ಅಲ್ಲೇ ಇಡ್ತಾರ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನನ್ನನ್ನು ಕೆಣಕುತ್ತಿದ್ದರೋ, ನಿಜವಾಗಿ ಜಾಗ ಆರಿಸಿಕೊಳ್ಳುತ್ತಿದ್ದರೋ ಹೇಳಲಾರೆ. ಇಟ್ಟಿಗೆಯನ್ನಂತೂ ಇಟ್ಟೆ.

ಹೆಸರು ಬರೆಯುವುದು ಸುಲಭವಲ್ಲ. ಯಾವ ಹೆಸರು ಬರೆದರೂ ಆ ಹೆಸರಿನವರು ನಮ್ಮ ಬಿಲ್ಡಿಂಗಿನಲ್ಲೋ ಅವರ ಬೀಗರಲ್ಲೋ ಇದ್ದೇ ಇರುತ್ತಾರೆ. ಕೊನೆಗೆ ಗೋರಿಗಳನ್ನು ಒಳಗೆ ತಂದಿಟ್ಟುಕೊಂಡು, ನಾವು ಮೂವರೂ ನೆಲದ ಮೇಲೆ ಕುಳಿತು, ನಮ್ಮ ಮನೆಯಲ್ಲಿ ನಿಜವಾಗಿ ಸತ್ತವರ ಪಟ್ಟಿ ಮಾಡಿದೆವು. ಮಿಕ್ಸರ್, ಒಣಕೊಬ್ಬರಿ ಸಿಕ್ಕಿ ತೀರಿಕೊಂಡಿತು. ಸ್ಕೂಟರ್, ದೀರ್ಘಕಾಲ ಒದೆ ತಿಂದು ಒಂದು ದಿನ ಎಚ್ಚರಾಗಲಿಲ್ಲ. ಲ್ಯಾಂಡ್‌ಲೈನ್ ಫೋನ್, ಯಾರೂ ಮಾತಾಡಿಸದೆ ಸತ್ತಿತು. ಬೆನ್ನು ಉಬ್ಬಿದ ಹಳೆಯ ಟಿವಿ. ಗಿರಿಜಾಳ ಹೊಲಿಗೆ ಯಂತ್ರ. ಆರನೆಯದು ನನ್ನ ಕೊಡೆ. ಅದು ಸತ್ತದ್ದಲ್ಲ, ಚರ್ಚ್‌ಗೇಟ್ ಲೋಕಲಿನಲ್ಲಿ ಕಾಣೆಯಾದದ್ದು, ಆದರೆ ಇಷ್ಟು ವರ್ಷವಾದ ಮೇಲೆ ಸತ್ತಿದೆಯೆಂದೇ ಭಾವಿಸಬೇಕು. ಅನಘಾ ಇಂಗ್ಲಿಷಿನಲ್ಲಿ ವಾಕ್ಯ ಮಾಡಿಕೊಟ್ಟಳು, ನಾನು ಅಳಿಸದ ಮಾರ್ಕರಿನಿಂದ ದೊಡ್ಡಕ್ಷರಗಳಲ್ಲಿ ಬರೆದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿ ಕಿಟಕಿಯ ಕಡೆ ನೋಡಿ, "ಪಪ್ಪಾ, ಮಳೆ ಬಂದ್ರ ಅವರು ಬರಲ್ಲ. ಫಿರ್ ಕಭೀ ನಹೀ ಆಯೇಂಗೇ" ಎಂದಳು.

ಶುಕ್ರವಾರ ಮಳೆ ಬಂತು. ಇದರಲ್ಲಿ ನಮ್ಮ ಮನೆಯ ಮೂವರಿಗೂ ಒಮ್ಮತವಿದೆ. ಮಧ್ಯಾಹ್ನ ಬಾಂದ್ರಾದಲ್ಲಿ ನನ್ನ ಕಚೇರಿಯ ಕಿಟಕಿಯ ಹೊರಗೆ ಎದುರಿನ ಕಟ್ಟಡ ಕಾಣಿಸುವುದು ನಿಂತಿತು. ನಾಲ್ಕೂವರೆಗೆ ಹೊರಟೆ. ಲೋಕಲು ಬೊರಿವಲಿಗೆ ಸ್ವಲ್ಪ ಮೊದಲು ನಿಂತು, ಏನನ್ನೋ ನೆನಪಿಸಿಕೊಳ್ಳುತ್ತಿರುವಂತೆ ನಲವತ್ತು ನಿಮಿಷ ನಿಂತೇ ಇತ್ತು. ಗೋರಿಗಳು ತೇಲಿ ಗಟಾರಕ್ಕೆ ಹೋಗುವುದನ್ನೂ, ಐದು ಹುಡುಗಿಯರು ಗೇಟಿನಲ್ಲಿ ನಿಂತು ಪರಸ್ಪರ ಮುಖ ನೋಡಿಕೊಳ್ಳುವುದನ್ನೂ ನಾನು ಎಷ್ಟು ಸ್ಪಷ್ಟವಾಗಿ ಕಂಡೆನೆಂದರೆ, ಈಗಲೂ ಅದು ನಡೆದದ್ದೆಂದೇ ಅನ್ನಿಸುತ್ತದೆ. ಆರೂ ಇಪ್ಪತ್ತಕ್ಕೆ ಪ್ರಭಾಕುಂಜದ ಗೇಟು ದಾಟಿದಾಗ ಪಂಪಿನ ಮನೆಯ ಪಕ್ಕ ಏನೂ ಇರಲಿಲ್ಲ. ಹಗ್ಗವೂ ಇರಲಿಲ್ಲ. ಕೆಸರಿನಲ್ಲಿ ಆರು ಗುಳಿಗಳು ಮಾತ್ರ.

ಸಾಲ್ಯಾನರೇ ಎಂದು ನಾನು ಆ ಕ್ಷಣದಲ್ಲೇ ತೀರ್ಪು ಕೊಟ್ಟೆ. ಅವರಿಗೆ ಏನೇನು ಹೇಳಬೇಕೆಂದು ವಾಕ್ಯ ಜೋಡಿಸಿಕೊಳ್ಳುತ್ತಿರುವಾಗ, ಬಿಲ್ಡಿಂಗಿನ ಹಿಂದಿನ ತಗಡಿನ ಸ್ಕೂಟರ್ ಶೆಡ್ಡಿನಿಂದ ಹುಡುಗಿಯರ ಕಿರಿಚಾಟ ಕೇಳಿಸಿತು.

ಶೆಡ್ಡಿನಿಂದ ಸ್ಕೂಟರುಗಳನ್ನೆಲ್ಲ ಮಳೆಗೆ ತಳ್ಳಿ, ಒಳಗೆ ಇಡೀ ಸ್ಮಶಾನವನ್ನು ತಂದು ಹೂಡಿದ್ದರು. ನೆಲಕ್ಕೆ ಮಣ್ಣು ಸುರಿದಿದ್ದರು. ಮೇಲಿನಿಂದ ದೀಪಾವಳಿಯ ಆಕಾಶಬುಟ್ಟಿ ಇಳಿಬಿಟ್ಟಿತ್ತು. ದೆವ್ವಗಳು ಒಣಗಿದ್ದವು, ಒಣಗಿದ್ದು ಮಾತ್ರವಲ್ಲ, ಇಸ್ತ್ರಿಯಾಗಿದ್ದವು, ಎದೆಯ ಮೇಲೆ ನೆಟ್ಟನೆಯ ಮಡಿಕೆಗೆರೆ. ಕಣ್ಣುಗಳನ್ನು ಯಾರೋ ಹೊಸದಾಗಿ, ರೆಪ್ಪೆಗೂದಲಿನ ಸಮೇತ ಬರೆದಿದ್ದರು. ಕುಂಬಳಕಾಯಿಯೊಳಗೆ ಹಣತೆ ಉರಿಯುತ್ತಿತ್ತು, ಅದರ ಪಕ್ಕದಲ್ಲೇ ಅದೇ ಕೆನ್ನೆ ಅದೇ ಕೆಳತುಟಿಯ ಸಾಲ್ಯಾನರು ಸ್ಟೂಲಿನ ಮೇಲೆ ಕುಳಿತು, ರೇನ್‌ಕೋಟು ತೊಟ್ಟ ನಾಲ್ಕು ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಮಿಕ್ಸರಿನ ಅಂತ್ಯಕಾಲ ವಿವರಿಸುತ್ತಿದ್ದರು. ಐದನೆಯವಳಿಗೆ ಜ್ವರವಂತೆ. ನನ್ನನ್ನು ಕಂಡು ಸಾಲ್ಯಾನರು ಎದ್ದುನಿಂತರು.

"ಪಂಪಿನ ಮೋಟರಿಗೆ ನೀರು ನುಗ್ಗುತ್ತಿತ್ತು. ಅಲ್ಲಿ ಜಾಗ ಬೇಕಿತ್ತು, ಅದಕ್ಕೆ ತೆಗೆದದ್ದು. ನಿಮಗೋಸ್ಕರ ಅಂತ ಅಲ್ಲ."

"ಸುಳ್ಳ ಹೇಳ್ತಾನ" ಎಂದರು ಹಿಂದಿನಿಂದ ಶಿಂದೆ ಕಾಕು. "ಮೂರ ಗಂಟೇಕ ಬಂದು, ಪೋರಿ ಅಳಾಕತ್ತಾಳ, ಕಾಕು ಬರ್ರಿ ಬರ್ರಿ ಅಂತ ನನ್ನ ಎಬ್ಬಿಸಿದ."

ಆಗಲೇ ನಾನು ಎಣಿಸಿದ್ದು. ಎಣಿಸುವುದು ನನ್ನ ಅಭ್ಯಾಸ. ಇಟ್ಟಿಗೆಗೆ ಒರಗಿ ನಿಂತ ಗೋರಿಗಳು ಏಳು. ಏಳನೆಯದು ಉಳಿದವುಗಳಿಗಿಂತ ಸಣ್ಣದು, ಅಂಚು ಸೊಟ್ಟ. ಅದರ ಮೇಲೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಪ್ರಭಾಕುಂಜ ಎಂದು ಬರೆದಿತ್ತು. ಕೆಳಗೆ ಕಟ್ಟಡ ಕಟ್ಟಿದ ಇಸವಿ. ಅದರ ಮುಂದೆ ಒಂದು ಅಡ್ಡಗೆರೆ. ಅದರಾಚೆ ಖಾಲಿ.

ಹುಡುಗಿಯರು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಒಬ್ಬಳು ಅನಘಾಳನ್ನು, "ತುಮ್ಹಾರೀ ಬಿಲ್ಡಿಂಗ್ ಮರ್ ರಹೀ ಹೈ ಕ್ಯಾ?" ಎಂದು ಕೇಳಿದಳು. ನಾನು ಅನಘಾಳ ಮುಖ ನೋಡಿದೆ. ಅವಳು ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ, "ಅಭೀ ತೋ ನಹೀ. ಊಪರ್ ಚಲೋ, ದಿಖಾತೀ ಹೂಂ" ಎಂದು ಎದ್ದಳು. ನಾಲ್ವರನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದಳು. ಕಬ್ಬಿಣದ ಕಂಬಗಳ ನಡುವೆ ಅವರು ಅಡ್ಡಡ್ಡ ತೂರುವಾಗ ನಗು ಕೇಳಿಸಿತು. ಒಬ್ಬಳು, "ಅರೇ, ಪೇಂಟಿಂಗ್ ಕಹಾಂ ಹುಆ?" ಎಂದಳು. ಅನಘಾ, "ಪೇಂಟಿಂಗ್ ಝೂಠ್ ಥಾ" ಎಂದು ಸುಳ್ಳನ್ನು ಒಪ್ಪಿಕೊಂಡಳು, ಸಮಯ ಹೇಳುವಷ್ಟು ಸಹಜವಾಗಿ. ಮೇಲೆ ಗಿರಿಜಾ ಗಾರಿಗೆಯ ಡಬ್ಬಿ ತೆರೆದ ಸದ್ದು.

ನಾನು ಕೆಳಗೇ ಉಳಿದು ತನಿಖೆ ಶುರುಮಾಡಿದೆ. ಸಾಲ್ಯಾನರು ಕನ್ನಡಕ ಏರಿಸಿ, "ನನ್ನ ಅಕ್ಷರ ನೋಟೀಸು ಬೋರ್ಡಲ್ಲಿ ಉಂಟು, ತಾಳೆ ನೋಡಿ. ನಾನು ಹೊತ್ತದ್ದು ಏಳು. ಏಳೂ ಅಲ್ಲೇ ಇತ್ತು" ಎಂದರು. ಶಿಂದೆ ಕಾಕು, "ನಂಗ ಇಂಗ್ಲೀಷ ಎಲ್ಲಿ ಬರ್ತದ?" ಎಂದರು, ಅವರ ಬೆರಳುಗಳಿಗೆ ಮಾರ್ಕರಿನ ಮಸಿ ಮೆತ್ತಿತ್ತು, ಆದರೆ ರೆಪ್ಪೆಗೂದಲು ಬರೆದದ್ದು ತಾವೇ ಎಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ಸಹಿ ಹಾಕಿದವರು ಬರೆದಿದ್ದರೆ ಅದು ಚುಚ್ಚುಮಾತು, ಹಾಕದವರು ಬರೆದಿದ್ದರೆ ಅಳಲು. ಅಕ್ಷರ ಎರಡಕ್ಕೂ ಒಂದೇ. ಹುಡುಗಿಯರು ಹೋದ ಮೇಲೆ ಗಿರಿಜಾಳನ್ನು ಕೇಳಿದೆ. ಅವಳು ತಟ್ಟೆ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದಳು.

"ನೀವ ಬರದೀರಿ. ನಿನ್ನೆ ಆರೂ ಬರದ ಮ್ಯಾಲ ಒಂದ ತುಂಡ ಉಳದಿತ್ತಲ್ಲ. ನಾ ಚಾ ತಂದಾಗ ಅದನ್ನ ತೊಡಿ ಮ್ಯಾಲ ಇಟ್ಕೊಂಡ ಕುಂತಿದ್ರಿ. ಏನ್ರಿ ಅದು ಅಂದ್ರ, ಏನಿಲ್ಲ ಅಂದ್ರಿ."

ಚಹಾ ನನಗೆ ನೆನಪಿದೆ. ಸಕ್ಕರೆ ಕಡಿಮೆಯಿತ್ತು. ಸುತ್ತ ಥರ್ಮಾಕೋಲಿನ ಬಿಳಿ ಕಾಳುಗಳು ಹಾರಾಡುತ್ತಿದ್ದವು. ತುಂಡು ನೆನಪಿಲ್ಲ. ಥರ್ಮಾಕೋಲ್ ಆರಕ್ಕೇ ಮುಗಿಯಿತೆಂದು ನಿಮಗೆ ಇಷ್ಟು ಖಡಾಖಂಡಿತವಾಗಿ ಹೇಳಿದವನು ನಾನೇ. ಗಿರಿಜಾಳ ಸಾಕ್ಷ್ಯವನ್ನು ತಳ್ಳಿಹಾಕಬಹುದು, ಯಾಕೆಂದರೆ ಅವಳು ಮಂಗಳವಾರ ಕೊಡೆ ಹಿಡಿದಿದ್ದೆ ಎನ್ನುವವಳು. ಆದರೆ ನನ್ನ ಸಾಕ್ಷ್ಯವನ್ನು ಎತ್ತಿಹಿಡಿಯಲು ನನ್ನ ಬಳಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಅಷ್ಟರಲ್ಲಿ ಅನಘಾ ಗೆಳತಿಯರನ್ನು ಗೇಟಿನವರೆಗೆ ಕಳಿಸಿ, ಒದ್ದೆ ಕೂದಲಿನಲ್ಲಿ ಒಳಗೆ ಬಂದಳು. ಮುಂದಿನ ಶನಿವಾರ ಅವರು ಮತ್ತೆ ಬರುತ್ತಾರಂತೆ. ನನ್ನ ತೋಳಿಗೆ ತಲೆ ಒರಗಿಸಿ, "ಪಪ್ಪಾ, ಲಾಸ್ಟ್ ವಾಲಾ ಬೆಸ್ಟ್ ಇತ್ತು. ರಿಯಾ ಫೋಟೋ ತಗೊಂಡಳು. ನೀನು ಬರ್ದಿದ್ದು ಅಂತ ನಾನು ಎಲ್ಲರಿಗೂ ಹೇಳಿದೆ. ನೀನೇ ನಾ?" ಎಂದಳು.

ಇಪ್ಪತ್ತೆರಡು ವರ್ಷಗಳಲ್ಲಿ ದಾಖಲೆಯಿಲ್ಲದ ಒಂದು ಕ್ಲೇಮನ್ನೂ ನಾನು ಪಾಸು ಮಾಡಿದವನಲ್ಲ. ಅವಳ ಕೂದಲಿನ ನೀರು ನನ್ನ ಅಂಗಿಗೆ ಇಳಿಯುತ್ತಿತ್ತು. ನಾನು ತಲೆಯಾಡಿಸಿದೆ. ಹೌದೆಂಬಂತೆ ಆಡಿಸಿದೆ ಎಂದು ಅವಳ ನೆನಪು. ನನ್ನದೂ ಬಹುಶಃ ಅದೇ. ಆ ಏಳನೆಯ ಗೋರಿಯನ್ನು ಬರೆದವರು ಯಾರೆಂದು ನನಗೆ ಗೊತ್ತಿಲ್ಲ.